ದೋಷವೂ ಅದೋಷವೂ

ನಮ್ಮ ಪಕ್ಕದ ಮನೆಯ ರಾಯರು ವೀಣೆ ಬಲ್ಲವರು. ವಯಸ್ಸು ಎಪ್ಪತ್ತನ್ನು ದಾಟಿದೆ. ನಾನು ಗಿಟಾರಿನ ಆಂಪ್ಲಿಫೈಯರ್ ಒಂದನ್ನು ಕೊಂಡು ತಂದ ದಿನ ಸಂಜೆ, ಅದರ ಮೊದಲನೆಯ ಗರ್ಜನೆ ಗೋಡೆ ದಾಟಿ ಅವರ ಕಿವಿಗೆ ಬಿದ್ದಿತು. ಐದು ನಿಮಿಷದೊಳಗೆ ಬಾಗಿಲಲ್ಲಿ ಬಂದು ನಿಂತರು.

“ಏನ್ ಮೇಷ್ಟ್ರೇ, ಪೆಟ್ಟಿಗೆ ಕೆಟ್ಟಿದ್ಯೇ?”

“ಇಲ್ಲ ರಾಯರೇ, ಅದರ ನಾದವೇ ಹಾಗೆ.”

“ಹಾಗಾದ್ರೆ, ಕೆಟ್ಟ ನಾದಕ್ಕೆ ಅಂತಲೇ ದುಡ್ಡು ಕೊಟ್ಟು ತಂದ್ರಾ?”

ನಾನು ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ಸುಮ್ಮನಾಗಲಿಲ್ಲ. ಮೂರು ತಿಂಗಳ ಸಂಬಳವನ್ನು ಆ ಪೆಟ್ಟಿಗೆಗೆ ಸುರಿದಿದ್ದೆನೆಂಬುದು ಒಂದು ಕಾರಣ. ಇನ್ನೊಂದು ಕಾರಣ ನನ್ನ ವೃತ್ತಿಗೆ ಸೇರಿದ್ದು. ಕಾಲೇಜಿನಲ್ಲಿ ವರ್ಷವರ್ಷವೂ ಕಾವ್ಯಮೀಮಾಂಸೆಯ ಪಾಠ ಹೇಳುವಾಗ, ದೋಷವೆಂದರೇನು, ಅದು ಎಲ್ಲಿ ದೋಷ, ಎಲ್ಲಿ ಅಲ್ಲ ಎಂದು ಬೋರ್ಡಿನ ಮೇಲೆ ಬರೆದು ವಿವರಿಸುವವನು ನಾನು. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ, 9ನೆಯ ಶತಮಾನದ ‘ಕವಿರಾಜಮಾರ್ಗ’, ತನ್ನ ಮೊದಲ ಪರಿಚ್ಛೇದವನ್ನು ದೋಷಾದೋಷಗಳ ನಿರ್ಣಯಕ್ಕೇ ಮೀಸಲಿಟ್ಟಿದೆ. ಹಾಗಿರುವಾಗ ಮನೆಯಲ್ಲೇ ಕುಳಿತಿರುವ ಒಂದು ದೋಷದ ಮುಂದೆ ನಾನು ನಿರುತ್ತರನಾಗುವುದು ಮರ್ಯಾದೆಯ ಮಾತಲ್ಲ. ಆದಕಾರಣ ಈ ಪೆಟ್ಟಿಗೆಯನ್ನು ಒಂದು ಕೃತಿಯಂತೆ ಎದುರಿಗಿಟ್ಟುಕೊಂಡು ವಿಮರ್ಶಿಸುವ ಸಾಹಸಕ್ಕೆ ಕೈಹಾಕಿದ್ದೇನೆ. ವಾಚಕರು ಮನ್ನಿಸಬೇಕು.

ಮೊದಲು ವಸ್ತುವಿನ ಪರಿಚಯವಾಗಲಿ. ವಿದ್ಯುತ್ ಗಿಟಾರಿನ ತಂತಿ ಮಿಡಿದಾಗ, ಅದರ ಕೆಳಗಿರುವ ಅಯಸ್ಕಾಂತದ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಸ್ಪೀಕರಿನವರೆಗೆ ಬೆಳೆಸಿ ಕೊಂಡೊಯ್ಯುವುದು ಆಂಪ್ಲಿಫೈಯರಿನ ಕೆಲಸ. ಹಳೆಯ ರೇಡಿಯೋಗಳನ್ನು ಕಂಡವರಿಗೆ ಗಾಜಿನ ವಾಲ್ವುಗಳ ನೆನಪಿರುತ್ತದೆ. ಒಳಗೆ ಕೆಂಡದಂತೆ ಮಿನುಗುವ ಅವೇ ವಾಲ್ವುಗಳು ಇದರಲ್ಲಿಯೂ ಇವೆ. ಮುಂದೆ ಕಿರಿಯ ವಾಲ್ವುಗಳ ಒಂದು ಸಾಲು, ಹಿಂದೆ ಸ್ಪೀಕರನ್ನು ನಡೆಸಬಲ್ಲ ಹಿರಿಯ ವಾಲ್ವುಗಳು. ವಾಲ್ವಿಗೆ ಒಂದು ಮಿತಿಯುಂಟು. ಮಿತಿಯೊಳಗೆ ಬಂದ ನಾದವನ್ನು ಅದು ಇದ್ದ ಹಾಗೆಯೇ ದೊಡ್ಡದು ಮಾಡಿಕೊಡುತ್ತದೆ. ಮಿತಿಮೀರಿ ಬಂದರೆ ಅಲೆಯ ನೆತ್ತಿಯನ್ನು ತಟ್ಟಿ ಚಪ್ಪಟೆ ಮಾಡಿಬಿಡುತ್ತದೆ. ಹಾಗೆ ನೆತ್ತಿ ಚಪ್ಪಟೆಯಾದ ಅಲೆಯಲ್ಲಿ, ಮೊದಲು ಇಲ್ಲದಿದ್ದ ಮೇಲಿನ ಸ್ವರಾಂಶಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಇದನ್ನೇ ಇಂಗ್ಲಿಷಿನವರು ಡಿಸ್ಟಾರ್ಷನ್ ಎನ್ನುತ್ತಾರೆ. ನಾವು ವಿಕೃತಿ ಎನ್ನೋಣ. ವಿಕೃತಿಯಿಂದ ಇನ್ನೊಂದು ಲಾಭವುಂಟು. ಗಿಟಾರಿನ ನಾದ ಮಿಡಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಆದರೆ ನೆತ್ತಿ ತಗ್ಗಿಸಿದ ಅಲೆ ಕ್ಷೀಣಿಸುವಾಗಲೂ ಬಹಳ ಹೊತ್ತು ಒಂದೇ ಎತ್ತರದಲ್ಲಿರುತ್ತದೆ. ಮಿಡಿಯುವ ವಾದ್ಯಕ್ಕೆ ಪಿಟೀಲಿನ ಉಸಿರು ಬಂದಂತಾಗುತ್ತದೆ. ಹೈ ಗೇನ್ ಎಂಬ ಜಾತಿಯ ಪೆಟ್ಟಿಗೆಯಲ್ಲಿ ಈ ಕಿರಿಯ ವಾಲ್ವುಗಳನ್ನು ಮೂರು, ನಾಲ್ಕು ಮೆಟ್ಟಿಲುಗಳಾಗಿ ಜೋಡಿಸಿ, ಒಂದರ ವಿಕೃತಿಯನ್ನು ಮುಂದಿನದು ಮತ್ತಷ್ಟು ವಿಕೃತಗೊಳಿಸುವಂತೆ ಕಟ್ಟಿರುತ್ತಾರೆ.

ಇದು ಮೊದಲಿನಿಂದ ಹೀಗಿರಲಿಲ್ಲ. ಆಂಪ್ಲಿಫೈಯರನ್ನು ಕಟ್ಟಿದವರು ಶುದ್ಧ ನಾದಕ್ಕಾಗಿಯೇ ಶ್ರಮಪಟ್ಟವರು. ದೋಷ ಬಂದದ್ದು ಬಡತನದಿಂದ, ಅಪಘಾತದಿಂದ, ತುಂಟತನದಿಂದ. ಅಮೆರಿಕದ ಮೆಂಫಿಸ್‌ನಲ್ಲಿ 1951ರಲ್ಲಿ ‘ರಾಕೆಟ್ 88’ ಎಂಬ ಹಾಡನ್ನು ಮುದ್ರಿಸಿದಾಗ, ಪೆಟ್ಟುಬಿದ್ದು ಸ್ಪೀಕರ್ ಹರಿದಿದ್ದ ಪೆಟ್ಟಿಗೆಗೆ ಕಾಗದ ತುರುಕಿ ಕೆಲಸ ನಡೆಸಿದರೆಂದು ಹೇಳಿಕೊಂಡು ಬಂದಿದ್ದಾರೆ. ಲಿಂಕ್ ರೇ ಎಂಬಾತ 1958ರ ತನ್ನ ‘ರಂಬಲ್’ಗಾಗಿ ಸ್ಪೀಕರಿಗೆ ಬೇಕೆಂದೇ ತೂತು ಮಾಡಿದ. ಲಂಡನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ 1964ರಲ್ಲಿ ಹದಿನೇಳು ವರ್ಷದ ಹುಡುಗ. ಒಂದು ಅಗ್ಗದ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ, ಆ ಸೀಳಿದ ಕಂಠದಿಂದಲೇ ಲೋಕಪ್ರಸಿದ್ಧನಾದ. ಇತ್ತ 1962ರಲ್ಲಿ ಲಂಡನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ಮಿನ ಅಂಗಡಿ ಇಟ್ಟುಕೊಂಡಿದ್ದ ಜಿಮ್ ಮಾರ್ಷಲ್, ಅಮೆರಿಕದ ಫೆಂಡರ್ ಬಾಸ್‌ಮನ್ ಎಂಬ ಪೆಟ್ಟಿಗೆಯನ್ನು ಮಾದರಿಯಾಗಿಟ್ಟುಕೊಂಡು ತನ್ನ ಮೊದಲ ಆಂಪ್ಲಿಫೈಯರನ್ನು ಹೊರತಂದ. ಪೂರ್ತಿ ಜೋರಾಗಿ ತಿರುಗಿಸಿದರೆ ಅದು ಒಡೆದ ದನಿಯಲ್ಲಿ ಹಾಡುತ್ತಿತ್ತು. ಮನೆಯೊಳಗೆ ಅಲ್ಲ, ಬಯಲಿನಲ್ಲಿ ಮಾತ್ರ ತಡೆದುಕೊಳ್ಳಬಹುದಾದ ಜೋರು.

ಅಪಘಾತ ಇಲ್ಲಿಗೆ ಮುಗಿದು ಶಾಸ್ತ್ರ ಹುಟ್ಟಿತು. ಕ್ಯಾಲಿಫೋರ್ನಿಯದ ರ್‍ಯಾಂಡಲ್ ಸ್ಮಿತ್ 1960ರ ದಶಕದ ಕೊನೆಯಲ್ಲಿ ಫೆಂಡರ್ ಪ್ರಿನ್ಸ್‌ಟನ್ ಎಂಬ ಸಣ್ಣ ಪೆಟ್ಟಿಗೆಯೊಳಗೆ ದೊಡ್ಡ ಟ್ರಾನ್ಸ್‌ಫಾರ್ಮರನ್ನೂ 12 ಅಂಗುಲದ ಸ್ಪೀಕರನ್ನೂ ಅಡಗಿಸಿ ಮಾರ್ಪಾಡಿನ ಕಲೆಗೆ ನಾಂದಿ ಹಾಡಿದ. ಮುಂದೆ ಅವನ ಮೆಸಾ ಬೂಗಿ ಪೆಟ್ಟಿಗೆಗಳಲ್ಲಿ ಕಿರಿಯ ವಾಲ್ವುಗಳ ಸಾಲಿಗೆ ಇನ್ನೊಂದು ಮೆಟ್ಟಿಲು ಸೇರಿತು. ಮುಂಭಾಗದಲ್ಲಿ ಎಷ್ಟು ವಿಕೃತಿ, ಹಿಂಭಾಗದಲ್ಲಿ ಎಷ್ಟು ಜೋರು ಎಂದು ಬೇರೆಬೇರೆಯಾಗಿ ತಿರುಗಿಸುವ ಗುಂಡಿಗಳು ಬಂದವು. ಮಾರ್ಷಲ್ ಕಂಪೆನಿಯೂ 1975ರಲ್ಲಿ ಅಂಥ ಗುಂಡಿಯನ್ನಿಟ್ಟಿತು. 1987ರಲ್ಲಿ ಸೊಲ್ಡಾನೊ, 1992ರಲ್ಲಿ ಪೀವಿಯ 5150 ಮತ್ತು ಮೆಸಾದ ರೆಕ್ಟಿಫೈಯರ್ ಬರುವ ಹೊತ್ತಿಗೆ ಸೀಳಿದ ಸ್ಪೀಕರಿನ ತುಂಟತನವು ಅಚ್ಚುಕಟ್ಟಾಗಿ ಕಾರ್ಖಾನೆಯಿಂದ ಹೊರಬೀಳುವ ಪದಾರ್ಥವಾಗಿತ್ತು. ಸಾಹಿತ್ಯ ಬಲ್ಲವರಿಗೆ ಇದು ಹೊಸ ಕಥೆಯಲ್ಲ. ಒಬ್ಬನ ದಂಗೆ ಮುಂದಿನವನ ಶೈಲಿಯಾಗಿ, ಅವನ ಮುಂದಿನವನ ಅಭ್ಯಾಸವಾಗಿ, ಕೊನೆಗೆ ಅಂಗಡಿಯ ಸರಕಾಗುವುದನ್ನು ನಾವು ಪ್ರತಿಯೊಂದು ಪಂಥದಲ್ಲೂ ಕಂಡಿದ್ದೇವೆ.

ಆ ಸರಕನ್ನು ನಾನೂ ಕೊಂಡೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡದ ಕಛೇರಿ ಕೇಳಿದಂದಿನಿಂದ ಮನಸ್ಸಿನ ಮೂಲೆಯಲ್ಲಿ ಆ ಆಸೆ ಇತ್ತು. ಆಸೆ ಕೈಗೂಡುವ ವೇಳೆಗೆ ತಲೆಯಲ್ಲಿ ನರೆ ಕಾಣಿಸಿತ್ತು. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ. ಕಂಪೆನಿಯ ಹೆಸರು ಬೇಡ. ಕೊಳ್ಳುವಾಗ ನಾನು ಮಾಡಿದ ತಪ್ಪುಗಳನ್ನು ಹೇಳಿದರೆ ಮುಂದಿನವರಿಗೆ ಉಪಯೋಗವಾದೀತು.

ಐವತ್ತು ವಾಟಿನದು ಸಾಲದು, ನೂರು ವಾಟಿನದೇ ಬೇಕೆಂದು ಹಟ ಹಿಡಿದದ್ದು ಮೊದಲನೆಯ ತಪ್ಪು. ಐವತ್ತಕ್ಕೂ ನೂರಕ್ಕೂ ಇರುವ ಅಂತರ ಕೇವಲ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. ನಾನು ದುಡ್ಡು ಕೊಟ್ಟದ್ದು ಜೋರಿಗಲ್ಲ, ನೂರು ಎಂಬ ಅಂಕಿಗೆ. ಅಂಗಡಿಯಲ್ಲಿ ಒಬ್ಬನೇ ಕುಳಿತು ನುಡಿಸಿ ಮೆಚ್ಚಿದ್ದು ಎರಡನೆಯ ತಪ್ಪು. ಗೇನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ನಡುವಿನ ಸ್ವರಾಂಶಗಳನ್ನು ತಗ್ಗಿಸಿ, ಮಂದ್ರವನ್ನೂ ತಾರವನ್ನೂ ಏರಿಸಿದರೆ ಒಂಟಿಯಾಗಿ ಕೇಳುವವನಿಗೆ ಅದು ಪರ್ವತದಂತೆ ಕೇಳಿಸುತ್ತದೆ. ಅದೇ ನಾದ ಡ್ರಮ್ ಮತ್ತು ಬಾಸ್‌ಗಳ ನಡುವೆ ಸೇರಿದೊಡನೆ ಎಲ್ಲೋ ಮಾಯವಾಗುತ್ತದೆ. ಏಕೆಂದರೆ ಗಿಟಾರಿನ ಮನೆ ಇರುವುದೇ ಆ ನಡುವಿನಲ್ಲಿ. ಒಂಟಿಯಾಗಿ ಓದಿದಾಗ ಬೆರಗುಗೊಳಿಸಿ, ಕಾವ್ಯದ ನಡುವೆ ಇಟ್ಟಾಗ ಸತ್ತುಬೀಳುವ ಪದ್ಯಗಳಿಲ್ಲವೇ, ಹಾಗೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಮೆರಿಕದ ಬಳಕೆಗೆಂದು ಕಟ್ಟಿದ ಪೆಟ್ಟಿಗೆಗೆ 120 ವೋಲ್ಟು ಸಾಕು. ನಮ್ಮ ಗೋಡೆಯಲ್ಲಿ ಬರುವುದು 230. ನೋಡದೆ ಸಿಕ್ಕಿಸಿದರೆ ವಿಮರ್ಶೆ ಅಲ್ಲಿಗೇ ಮುಗಿಯಿತು. ಇನ್ನು ಪೆಟ್ಟಿಗೆಯ ಒಳಗೆ 400, 500 ವೋಲ್ಟುಗಳು ಓಡಾಡುತ್ತವೆ. ಸ್ವಿಚ್ಚು ಆರಿಸಿ ತಂತಿ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ನಿಂತಿರಬಹುದು. ಬಲ್ಲವರ ಹೊರತು ಯಾರೂ ಮುಚ್ಚಳ ತೆಗೆಯಬಾರದು. ನಾನು ತೆಗೆಯಲಿಲ್ಲ, ತೆಗೆಸಿದೆ. ತೆಗೆಸಿ ಕೆಟ್ಟೆ.

ನನಗೆ ಪೆಟ್ಟಿಗೆಯಲ್ಲಿದ್ದ ವಿಕೃತಿ ಸಾಲದೆನಿಸಿತ್ತು. ಮಾರ್ಪಾಡು ಮಾಡಿಕೊಡುವ ತರುಣನೊಬ್ಬ ಇನ್ನೊಂದು ವಾಲ್ವಿನ ಮೆಟ್ಟಿಲನ್ನು ಸೇರಿಸಿಕೊಡುವುದಾಗಿ ಹೇಳಿದ. ಸೇರಿಸಿಯೂ ಕೊಟ್ಟ. ಮನೆಗೆ ತಂದು ಹಚ್ಚಿದರೆ ಗಿಟಾರನ್ನು ಮುಟ್ಟುವ ಮೊದಲೇ ಪೆಟ್ಟಿಗೆ ತಾನೇ ಸಿಳ್ಳು ಹಾಕತೊಡಗಿತು. ಮುಟ್ಟಿದರೆ ಒಂದು ಸ್ವರ ಇನ್ನೊಂದರಿಂದ ಬೇರೆಯಾಗದ ಅಂಟಿನ ಮುದ್ದೆ. ವಾಲ್ವುಗಳ ಸಾಲು ಉದ್ದವಾದಷ್ಟೂ ನಾದದ ಜೊತೆಗೆ ಅದರ ಗುಂಯ್‌ಗುಡುವಿಕೆಯೂ ಬೆಳೆಯುತ್ತದೆ. ಕೊನೆಯ ಮೆಟ್ಟಿಲಿನ ತಂತಿ ಮೊದಲನೆಯದರ ಹತ್ತಿರ ಸುಳಿದರೆ ಪೆಟ್ಟಿಗೆ ತನ್ನ ದನಿಯನ್ನು ತಾನೇ ಕೇಳಿಸಿಕೊಂಡು ಕೂಗುತ್ತದೆ. ರಾಯರು ಈ ಸಲ ಬಾಗಿಲಿಗೂ ಬರಲಿಲ್ಲ. ಅವರ ಮನೆಯ ಕಿಟಕಿ ಮುಚ್ಚಿದ ಸದ್ದು ಕೇಳಿಸಿತು.

ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ವಿಚಾರಿಸುತ್ತ ಹೋಗಿ, ಹಿಂದೆ ವಾಲ್ವ್ ರೇಡಿಯೋಗಳನ್ನು ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರನ್ನು ಹುಡುಕಿದೆ. ಅವರ ಮೇಜಿನ ಡಬ್ಬಿಯೊಂದರಲ್ಲಿ ಬಿ.ಇ.ಎಲ್. ಗುರುತಿನ ಹಳೆಯ ವಾಲ್ವುಗಳಿದ್ದವು. 1954ರಲ್ಲಿ ಸ್ಥಾಪನೆಯಾದ ನಮ್ಮ ಜಾಲಹಳ್ಳಿಯ ಆ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. ಆ ತಯಾರಿಕೆ ನಿಂತು ಎಷ್ಟೋ ಕಾಲವಾಗಿದ್ದರೂ, ಹಳೆಯ ದಾಸ್ತಾನಿನಲ್ಲಿ ಉಳಿದವನ್ನು ಗಿಟಾರಿನ ಪೆಟ್ಟಿಗೆಗಾಗಿ ಹುಡುಕಿ ಕೊಳ್ಳುವವರು ಹೊರದೇಶಗಳಲ್ಲಿದ್ದಾರೆ. ಯಜಮಾನರು ನನ್ನ ಪೆಟ್ಟಿಗೆಯ ಒಡಲನ್ನು ಬಹಳ ಹೊತ್ತು ನೋಡಿ ಹೇಳಿದರು: “ಸ್ವಾಮಿ, ಇದಕ್ಕೆ ಹಾಕೋದು ಏನೂ ಇಲ್ಲ. ತೆಗೆಯೋದಿದೆ.”

ಅವರು ಮಾಡಿದ್ದು ಮೂರೇ ಕೆಲಸ. ಹೊಸ ಮೆಟ್ಟಿಲನ್ನು ಕಿತ್ತು ಹಾಕಿದರು. ಮೊದಲನೆಯ ವಾಲ್ವಿನ ಜಾಗದಲ್ಲಿ ಅದೇ ಕುಲದ, ಆದರೆ ಶಕ್ತಿ ಕಡಿಮೆಯಾದ ವಾಲ್ವನ್ನಿಟ್ಟರು. ಹಳೆಯದರ ವರ್ಧನಾಂಕ 100, ಇದರದು 70. ಆಮೇಲೆ ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ನಾದವನ್ನು ದಾಟಿಸುವ ಕೆಪಾಸಿಟರನ್ನು ಬದಲಿಸಿದರು. ಅಲ್ಲಿದ್ದದ್ದು 0.022 ಮೈಕ್ರೋಫ್ಯಾರಡಿನದು, ಅವರು ಹಾಕಿದ್ದು 0.0047ರದು. ಕೆಪಾಸಿಟರ್ ಚಿಕ್ಕದಾದಷ್ಟೂ ಅದನ್ನು ದಾಟಿ ಹೋಗುವ ಮಂದ್ರ ಕಡಿಮೆ. ದಪ್ಪನೆಯ ಮಂದ್ರದ ಅಲೆಗಳು ಮೊದಲೇ ಒಳನುಗ್ಗಿದರೆ ವಾಲ್ವಿನ ಜಾಗವನ್ನೆಲ್ಲ ಅವೇ ತಿಂದು ಉಳಿದ ಸ್ವರಗಳನ್ನು ಕೆಸರು ಮಾಡುತ್ತವೆ. ವಿಕೃತಿಗೆ ಮುಂಚೆ ಮಂದ್ರವನ್ನು ಕತ್ತರಿಸಬೇಕು. ಬೇಕಾದಷ್ಟನ್ನು ವಿಕೃತಿಯ ಅನಂತರ ಸೇರಿಸಿಕೊಳ್ಳಬೇಕು. ಈ ಮರ್ಮ ತಿಳಿದವರು ವಾಲ್ವು ಮುಟ್ಟದೆಯೂ ಕೆಲಸ ಸಾಧಿಸುತ್ತಾರೆ. ಟ್ಯೂಬ್ ಸ್ಕ್ರೀಮರ್ ಎಂಬ ಪುಟ್ಟ ಹಸಿರು ಪೆಟ್ಟಿಗೆಯನ್ನು ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಇಟ್ಟು, ಅದರದೇ ವಿಕೃತಿಯನ್ನು ಸೊನ್ನೆಗೆ ಇಳಿಸಿ, ಮಂದ್ರ ಕತ್ತರಿಸುವ ಅದರ ಗುಣವನ್ನು ಮಾತ್ರ ಬಳಸಿಕೊಳ್ಳುತ್ತಾರೆ. ಅತ್ಯಂತ ಭಾರವೆಂದು ಹೆಸರಾದ ನಾದಗಳ ಹಿಂದೆ ಹೀಗೆ ಭಾರ ಇಳಿಸುವ ಒಂದು ಕೈ ಇದೆಯೆಂಬುದು ನನಗೆ ಅಂದು ತಿಳಿಯಿತು.

ಪೆಟ್ಟಿಗೆ ಮರಳಿ ಬಂದ ಮೇಲೆ ನಾನೇ ರಾಯರ ಮನೆಗೆ ಹೋಗಿ ಕ್ಷಮೆ ಕೇಳಿ, ಒಂದು ಗಳಿಗೆ ಬಂದು ಕೇಳಬೇಕೆಂದು ಬೇಡಿಕೊಂಡೆ. ಬಂದು ಕುರ್ಚಿಯಲ್ಲಿ ಕುಳಿತರು. ನಾನು ಈ ಸಂಗೀತದಲ್ಲಿ ಪವರ್ ಕಾರ್ಡ್ ಎಂದು ಕರೆಯುವ ಸ್ವರಜೋಡಣೆಯನ್ನು ಮಿಡಿದು ಬಿಟ್ಟೆ. ರಾಯರು ತಲೆ ಎತ್ತಿದರು.

“ಇದು ಸ-ಪ-ಸ ಅಲ್ವೇ?”

“ಹೌದು ರಾಯರೇ. ಅಷ್ಟೇ.”

“ಗಾಂಧಾರ ಸೇರಿಸಿ ನೋಡೋಣ.”

ಅಂತರ ಗಾಂಧಾರವನ್ನು ಸೇರಿಸಿದೆ. ಅಷ್ಟು ಹೊತ್ತು ಕಂಬದಂತೆ ನಿಂತಿದ್ದ ನಾದ ಕುಸಿದು ಜಗಳವಾಡತೊಡಗಿತು. ರಾಯರು ಮುಖ ಹಿಂಡಿದರು. “ಬೇಡ, ತೆಗೀರಿ,” ಎಂದರು. ಮತ್ತೆ ಸ-ಪ-ಸ ಮಿಡಿದೆ. ಅವರು ಕಣ್ಣು ಮುಚ್ಚಿ ಕೇಳಿ, ಸ್ವಲ್ಪ ಹೊತ್ತಿನ ಮೇಲೆ ಹೇಳಿದ ಮಾತು ನನ್ನನ್ನು ಬೆಚ್ಚಿಸಿತು: “ನೀವು ಗಾಂಧಾರ ಬಾರಿಸ್ತಾ ಇಲ್ಲ. ಆದ್ರೆ ಅದು ಕೇಳಿಸ್ತಾ ಇದೆ. ತಂಬೂರಿಯಲ್ಲಿ ಕೇಳಿಸೋ ಹಾಗೆ.”

ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ವಿಕೃತಿಗೆ ಒಳಗಾದ ಎರಡು ಸ್ವರಗಳು ತಮ್ಮ ಮೊತ್ತವನ್ನೂ ವ್ಯತ್ಯಾಸವನ್ನೂ ಹೊಸ ಸ್ವರಗಳಾಗಿ ಹೆರುತ್ತವೆ. ಷಡ್ಜ 110 ಕಂಪನಗಳಲ್ಲಿದ್ದರೆ ಪಂಚಮ 165ರಲ್ಲಿ. ಅವುಗಳ ನಡುವಿನ ಪ್ರಮಾಣ 2ಕ್ಕೆ 3. ವ್ಯತ್ಯಾಸ 55, ಅಂದರೆ ಕೆಳಗಿನ ಸ್ಥಾಯಿಯ ಷಡ್ಜ. ಯಾರೂ ಮುಟ್ಟದ ಆ ಮಂದ್ರ ತಾನಾಗಿ ಬಂದು ನಿಲ್ಲುತ್ತದೆ. ಮೊತ್ತ 275, ಅಂದರೆ ಮೇಲಿನ ಸ್ಥಾಯಿಯ ಅಂತರ ಗಾಂಧಾರ. ರಾಯರ ಕಿವಿ ಹಿಡಿದದ್ದು ಅದನ್ನು. ಗಾಂಧಾರವನ್ನು ಕೈಯಾರೆ ಮಿಡಿದರೆ ಕೆಡುವುದೇಕೆ? ಗಿಟಾರಿನ ಮೆಟ್ಟಿಲುಗಳಲ್ಲಿ ಅರ್ಧಸ್ವರವನ್ನು 100 ಪಾಲು ಮಾಡಿದರೆ ಪಂಚಮ 2 ಪಾಲು ಮಾತ್ರ ತಪ್ಪಿರುತ್ತದೆ. ಗಾಂಧಾರ 14 ಪಾಲು ಏರಿರುತ್ತದೆ. ಶುದ್ಧ ನಾದದಲ್ಲಿ ಈ ತಪ್ಪನ್ನು ಕಿವಿ ಮನ್ನಿಸುತ್ತದೆ. ವಿಕೃತಿ ಮನ್ನಿಸುವುದಿಲ್ಲ. 220ರ ಷಡ್ಜಕ್ಕೆ ಗಿಟಾರಿನ ಗಾಂಧಾರವನ್ನು ಕೂಡಿಸಿದರೆ 55 ಬರಬೇಕಾದ ವ್ಯತ್ಯಾಸ 57ನ್ನೂ ಮೀರುತ್ತದೆ. ಸಣ್ಣ ತಪ್ಪು ತಳದಲ್ಲಿ ದೊಡ್ಡ ಅಪಸ್ವರವಾಗಿ ಕೂಗುತ್ತದೆ.

ನಮ್ಮ ಸಂಗೀತಶಾಸ್ತ್ರದಲ್ಲಿ ಷಡ್ಜ ಪಂಚಮಗಳನ್ನು ಪ್ರಕೃತಿ ಸ್ವರಗಳೆಂದೂ ಉಳಿದ ಐದನ್ನು ವಿಕೃತಿ ಸ್ವರಗಳೆಂದೂ ಕರೆಯುತ್ತಾರೆ. ಆ ಹೆಸರುಗಳ ಅರ್ಥ ಬೇರೆ. ಆದರೂ ಈ ಪೆಟ್ಟಿಗೆಯ ಮುಂದೆ ಕುಳಿತವನಿಗೆ ಅವು ಹೊಸ ಬೆಳಕಿನಲ್ಲಿ ಕಾಣುತ್ತವೆ. ವಿಕೃತಿ ಇಷ್ಟು ತೀವ್ರವಾದಾಗ ಬಾಳುವುದು ಪ್ರಕೃತಿ ಸ್ವರಗಳು ಮಾತ್ರ. ಲೋಹದ ಗದ್ದಲವೆಂದು ಹಿರಿಯರು ಮೂಗು ಮುರಿಯುವ ಈ ಸಂಗೀತ ತನ್ನ ಅಡಿಪಾಯದಲ್ಲಿ ಎರಡೇ ಸ್ವರಗಳ ಕಠಿಣ ವ್ರತವನ್ನು ಹಿಡಿದಿದೆ. ವ್ರತ ಮುರಿದವನನ್ನು ಪೆಟ್ಟಿಗೆಯೇ ಬಯಲಿಗೆಳೆಯುತ್ತದೆ.

ಇಷ್ಟರಿಂದ ನನ್ನ ತೀರ್ಮಾನಕ್ಕೆ ಬರಬಹುದು. ಹೈ ಗೇನ್ ಪೆಟ್ಟಿಗೆಯ ಬಗ್ಗೆ ಎರಡು ಪಕ್ಷಗಳಿವೆ. ಅದು ಬರಿಯ ಸದ್ದು ಎನ್ನುವ ಪಕ್ಷ ಒಂದು; ಹೆಚ್ಚಿದಷ್ಟೂ ಒಳ್ಳೆಯದು ಎನ್ನುವ ಪಕ್ಷ ಇನ್ನೊಂದು. ಎರಡೂ ಪಕ್ಷಗಳವರು ಕೇಳುವುದು ವಿಕೃತಿಯ ಮೊತ್ತವನ್ನು. ಕೇಳಬೇಕಾದದ್ದು ಅದರ ಮುಂದೆ ಏನನ್ನು ಬಿಟ್ಟಿದ್ದಾರೆ ಎಂಬುದನ್ನು. ಮಂದ್ರವನ್ನು ಬಿಟ್ಟು, ಗಾಂಧಾರವನ್ನು ಬಿಟ್ಟು, ಅನಗತ್ಯ ತಂತಿಗಳನ್ನು ಅಂಗೈಯಂಚಿನಿಂದ ಒತ್ತಿ ಸುಮ್ಮನಾಗಿಸಿ ಬಂದ ನಾದಕ್ಕೆ ವಿಕೃತಿ ಗುಣವಾಗುತ್ತದೆ. ಏನನ್ನೂ ಬಿಡದೆ ಬಂದ ನಾದಕ್ಕೆ ಅದು ದೋಷವೇ. ಇಂದಿನ ಅನೇಕ ಕವಿತೆಗಳಲ್ಲಿ ಆಕ್ರೋಶ ಸಾಲದೆಂದು ಯಾರೂ ದೂರುವಂತಿಲ್ಲ. ಆಕ್ರೋಶಕ್ಕೆ ಮುಂಚೆ ಕತ್ತರಿಸಬೇಕಾದದ್ದನ್ನು ಕತ್ತರಿಸಿಲ್ಲವೆಂಬುದೇ ನನ್ನ ದೂರು. ನನ್ನ ಪೆಟ್ಟಿಗೆಗೆ ನಾನು ಸೇರಿಸಿದ ಮೆಟ್ಟಿಲು ಅಂಥದೇ ಒಂದು ಪದ್ಯ.

ವಾಲ್ವೇ ಏಕೆ ಬೇಕು ಎಂಬ ಪ್ರಶ್ನೆ ಉಳಿಯಿತು. ನ್ಯಾಯವಾದ ಪ್ರಶ್ನೆ. ಇಂದು ವಾಲ್ವುಗಳು ಮುಖ್ಯವಾಗಿ ಸ್ಲೊವಾಕಿಯ, ರಷ್ಯ, ಚೀನಗಳ ಕೆಲವೇ ಕಾರ್ಖಾನೆಗಳಿಂದ ಬರಬೇಕು. ಅವು ಕಾಯುತ್ತವೆ, ಸವೆಯುತ್ತವೆ, ಒಡೆಯುತ್ತವೆ. ಟ್ರಾನ್ಸ್‌ಫಾರ್ಮರ್ ಹೊರುವವನ ಸೊಂಟ ಮುರಿಯುತ್ತದೆ. ವಾಲ್ವಿನ ವರ್ತನೆಯನ್ನು ಲೆಕ್ಕದಿಂದ ಅನುಕರಿಸುವ ಡಿಜಿಟಲ್ ಯಂತ್ರಗಳು ಈಗ ಎಷ್ಟು ನಿಪುಣವಾಗಿವೆಯೆಂದರೆ, ನಾನು ಅರಮನೆ ಮೈದಾನದಲ್ಲಿ ಕೇಳಿದ ಮೆಟಾಲಿಕಾ ತಂಡವೇ 2013ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕದಲ್ಲಿ ನುಡಿಸಿದಾಗ ಅಂಥ ಯಂತ್ರಗಳನ್ನು ಬಳಸಿತು. ಕೇಳಲು ಬಂದವರು ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಅಲ್ಲಿಯ ಬಯಲಿನ ಮೌನ ಕೆಡಲಿಲ್ಲ. ಕಣ್ಣು ಕಟ್ಟಿ ಕೇಳಿಸಿದರೆ ನಾನು ವ್ಯತ್ಯಾಸ ಹೇಳುತ್ತೇನೆಂದು ಜಂಬ ಕೊಚ್ಚುವುದಿಲ್ಲ. ಹೊಸದಾಗಿ ಕೊಳ್ಳುವ ತರುಣರಿಗೆ, ವಿಶೇಷವಾಗಿ ಗೋಡೆ ಹಂಚಿಕೊಂಡು ಬಾಳುವವರಿಗೆ, ಆ ಯಂತ್ರವನ್ನೇ ಕೊಳ್ಳಿರೆಂದು ಹೇಳುತ್ತೇನೆ. ವಾಲ್ವಿನ ಮೇಲೆ ಮನಸ್ಸಿದ್ದರೆ ಸಣ್ಣ ಪೆಟ್ಟಿಗೆ ಕೊಳ್ಳಿರಿ. ಒಂದು ವರ್ಷ ಅದರ ಮುಚ್ಚಳ ತೆಗೆಸಬೇಡಿರಿ. ಅಷ್ಟರಲ್ಲಿ ಬದಲಾಗಬೇಕಾದದ್ದು ಪೆಟ್ಟಿಗೆಯೋ ಬಲಗೈಯೋ ಎಂಬುದು ತಿಳಿದುಬರುತ್ತದೆ.

ನನ್ನ ಪೆಟ್ಟಿಗೆಯನ್ನು ನಾನು ಮಾರಲಿಲ್ಲ. ಮೂರು ತಿಂಗಳ ಸಂಬಳ ಕೊಟ್ಟು ಕೊಂಡೆ. ಅದಕ್ಕೆ ಸೇರಿಸಲು ಒಂದಿಷ್ಟು, ಸೇರಿಸಿದ್ದನ್ನು ತೆಗೆಸಲು ಇನ್ನೊಂದಿಷ್ಟು ಖರ್ಚಾಯಿತು. ದೋಷಪ್ರಕರಣವನ್ನು ಇಷ್ಟು ದುಬಾರಿ ಬೆಲೆಗೆ ಯಾರೂ ಕಲಿತಿರಲಾರರು. ಸಂಜೆ ಆರರಿಂದ ಆರೂವರೆಯವರೆಗೆ ಮಾತ್ರ ನುಡಿಸಬೇಕೆಂದು ರಾಯರಿಗೂ ನನಗೂ ಒಪ್ಪಂದವಾಗಿದೆ. ಮೊನ್ನೆ ಆ ಹೊತ್ತಿಗೆ ಅವರ ಮನೆಯ ಮುಂದೆ ಹಾದುಹೋದಾಗ, ರಾಯರು ತಂಬೂರಿಯನ್ನು ಮಡಿಲಲ್ಲಿಟ್ಟುಕೊಂಡು, ಕುದುರೆಯ ಮೇಲೆ ತಂತಿಯ ಕೆಳಗಿರುವ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸುತ್ತ ಕುಳಿತಿದ್ದರು. ಆ ದಾರವಿಲ್ಲದಿದ್ದರೆ ತಂಬೂರಿಯ ನಾದ ತಿಳಿಯಾಗಿಯೇ ಇರುತ್ತದೆ. ಝೇಂಕಾರ ಮಾತ್ರ ಇರುವುದಿಲ್ಲ. ನನ್ನನ್ನು ನೋಡಿ, “ಹೆಚ್ಚಾಯ್ತು ಮೇಷ್ಟ್ರೇ, ಸ್ವಲ್ಪ ಕಮ್ಮಿ ಮಾಡ್ತಿದೀನಿ,” ಎಂದರು.